ಎಪಿ ಇಂಗ್ಲಿಷ್ ಪರೀಕ್ಷೆಯ ಸಿದ್ಧತೆ: ಕೋಚಿಂಗ್, ಗೈಡ್ ಮತ್ತು ಹಳೆಯ ಪ್ರಶ್ನೆಗಳು

ಅಮೆರಿಕದ ಹೈಸ್ಕೂಲಿನಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಇಂಗ್ಲಿಷ್ ಲ್ಯಾಂಗ್ವೇಜ್ ಓದುತ್ತಿದ್ದ ನಮ್ಮ ಮಗಳಿಗೆ ತರಗತಿ ಬಹಳ ಸುಲಭವಾಗಿತ್ತು. ಪ್ರಬಂಧವನ್ನು ಮನೆಯಲ್ಲಿ ನಿಧಾನವಾಗಿ ಬರೆದು, ತಿದ್ದಿ ಒಪ್ಪಿಸಿದರೆ ‘ಎ’ ಗ್ರೇಡ್ ಸಿಗುತ್ತಿತ್ತು. ಮೇ ತಿಂಗಳ ಪರೀಕ್ಷೆಯಲ್ಲಾದರೋ 15 ನಿಮಿಷಗಳ ಓದಿನ ಅವಧಿಯೂ ಸೇರಿದಂತೆ ಎರಡೂಕಾಲು ಗಂಟೆಯಲ್ಲಿ ಮೂರು ಪ್ರಬಂಧಗಳನ್ನು ಬರೆಯಬೇಕು, ಅಂದರೆ ಒಂದೊಂದಕ್ಕೆ ಸುಮಾರು 40 ನಿಮಿಷ. ಈ ಕೊರತೆಯನ್ನು ತುಂಬಿಕೊಳ್ಳಲು ವಾರಾಂತ್ಯದ ಆನ್‌ಲೈನ್ ಕೋಚಿಂಗ್, ಅಂಗಡಿಯಲ್ಲಿ ಸಿಗುವ ಗೈಡ್ ಮತ್ತು ಈ ಪರೀಕ್ಷೆ ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್ ಉಚಿತವಾಗಿ ಪ್ರಕಟಿಸುವ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳು, ಈ ಮೂರನ್ನೂ ಬಳಸಿ ನೋಡಿದೆವು. ಉಚಿತವಾಗಿ ಸಿಕ್ಕಿದ್ದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಕೋಚಿಂಗ್‌ಗೆ ಕೊಟ್ಟ ಹಣ ದೊಡ್ಡದು. ಆದರೆ ನನಗೆ ಹೆಚ್ಚು ಬೇಸರ ತಂದದ್ದು ಅಲ್ಲಿ ಪ್ರಬಂಧಗಳನ್ನು ತಿದ್ದುತ್ತಿದ್ದ ರೀತಿ. ಈ ಪರೀಕ್ಷೆಯಲ್ಲಿ ಪ್ರತಿ ಪ್ರಬಂಧಕ್ಕೆ 6 ಅಂಕ: ಸ್ಪಷ್ಟವಾದ ವಾದವನ್ನು ಮಂಡಿಸಿದರೆ 1, ಆಧಾರ ಮತ್ತು ಅದರ ವಿವರಣೆಗೆ 4, ಪ್ರೌಢ ಚಿಂತನೆಗೆ 1. ಸುಲಭ ತರಗತಿಯಿಂದ ಬಂದ ಮಕ್ಕಳು ಸೋಲುವುದು ನಡುವಿನ ಆ 4 ಅಂಕಗಳಲ್ಲಿ. ಕೋಚಿಂಗಿನಲ್ಲಿ ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೂ ಸಿದ್ಧ ಅಚ್ಚೊಂದನ್ನು ಕೊಟ್ಟು, ಪ್ರತಿ ಪ್ಯಾರಾದಲ್ಲಿ ಈಥೋಸ್ (ಮಾತನಾಡುವವರ ವಿಶ್ವಾಸಾರ್ಹತೆ), ಪಾಥೋಸ್ (ಭಾವನೆ), ಲೋಗೋಸ್ (ತರ್ಕ) ಎಂಬ ಮನವೊಲಿಸುವ ತಂತ್ರಗಳಲ್ಲಿ ಒಂದನ್ನು ಗುರುತಿಸಿ ಹೆಸರಿಸಲು ಹೇಳುತ್ತಿದ್ದರು. ಹಾಗೆ ಹೆಸರಿಸಿದ ಮೇಲೆ ಆ ತಂತ್ರ ಆ ಭಾಷಣದ ಕೇಳುಗರ ಮೇಲೆಯೇ ಏಕೆ ಪರಿಣಾಮ ಬೀರುತ್ತದೆ ಎಂದು ಬಿಡಿಸಿ ಬರೆಯುವುದನ್ನು ಯಾರೂ ಕಲಿಸಲಿಲ್ಲ.

ತಿದ್ದಿದ ಪ್ರತಿ ಮರಳಿ ಬರುವಷ್ಟರಲ್ಲಿ ಅವಳು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದಳು. ಅದರಲ್ಲಿ ಅಲ್ಪವಿರಾಮದ ತಪ್ಪುಗಳಿಗೆ ಗುರುತು, ಕೊನೆಯಲ್ಲಿ ಒಟ್ಟು ಅಂಕ, ಒಂದು ಮೆಚ್ಚುಗೆಯ ಮಾತು ಇಷ್ಟೇ ಇರುತ್ತಿದ್ದವು. ಯಾವ ವಿಭಾಗದಲ್ಲಿ ಅಂಕ ಹೋಯಿತು ಎಂದು ಬಿಡಿಸಿ ತಿಳಿಸಿ ಎಂದು ಕೇಳಿದಾಗಲೂ ಒಟ್ಟು ಅಂಕವನ್ನೇ ಮತ್ತೆ ಕಳುಹಿಸಿದರು. ಎಲ್ಲಿ ಎಡವಿದೆ ಎಂದು ತಿಳಿಯದ ಮಗು ಮುಂದಿನ ಪ್ರಬಂಧದಲ್ಲಿ ಏನನ್ನು ಬದಲಾಯಿಸಬೇಕು?

ಗೈಡ್ ಬಹುಆಯ್ಕೆಯ ಪ್ರಶ್ನೆಗಳಿಗೆ ಸಾಕು. ಆ ಭಾಗದಲ್ಲಿ ಒಂದು ಗಂಟೆಗೆ 45 ಪ್ರಶ್ನೆಗಳಿದ್ದು, ಒಟ್ಟು ಅಂಕದ ಶೇ. 45ರಷ್ಟು ಅದಕ್ಕೇ ಸಲ್ಲುತ್ತದೆ. ಈಗ ಪ್ರತಿ ಪ್ರಶ್ನೆಗೆ ನಾಲ್ಕೇ ಆಯ್ಕೆಗಳಿರುವುದರಿಂದ ಐದು ಆಯ್ಕೆಗಳಿರುವ ಹಳೆಯ ಆವೃತ್ತಿಯನ್ನು ಕೊಳ್ಳಬೇಡಿ.

ಕಾಲೇಜ್ ಬೋರ್ಡಿನ ಪುಟದಲ್ಲಿ ಪ್ರಶ್ನೆಗಳ ಜೊತೆಗೆ ನಿಜವಾದ ವಿದ್ಯಾರ್ಥಿಗಳ ಉತ್ತರಗಳು, ಅವು ಪಡೆದ ಅಂಕಗಳು ಮತ್ತು ಆ ಅಂಕಗಳಿಗೆ ಕಾರಣಗಳು ಸಿಗುತ್ತವೆ. ಅದರ ಬೆಲೆ ನನಗೆ ತಿಳಿದದ್ದು 2021ರ ಒಂದು ಪ್ರಶ್ನೆಯಿಂದ. ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರ ಪ್ರತಿಮೆಯ ಅನಾವರಣದಲ್ಲಿ 2013ರಲ್ಲಿ ಬರಾಕ್ ಒಬಾಮಾ ಮಾಡಿದ ಭಾಷಣವನ್ನು ಅದರಲ್ಲಿ ವಿಶ್ಲೇಷಿಸಬೇಕಿತ್ತು. ಪುನರುಕ್ತಿಯಿಂದ ಕೇಳುಗರ ಭಾವನೆ ಕೆರಳುತ್ತದೆ ಎಂದಷ್ಟೇ ಮಗಳು ಮೊದಲು ಬರೆದಿದ್ದಳು. ಹೆಚ್ಚು ಮತ್ತು ಕಡಿಮೆ ಅಂಕ ಪಡೆದ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ, ಕಾನೂನು ರೂಪಿಸುವವರೇ ಸೇರುವ ಕ್ಯಾಪಿಟಲ್ ಕಟ್ಟಡದಲ್ಲಿ ನಿಂತು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ಒಬ್ಬ ಸಾಮಾನ್ಯ ಹೆಣ್ಣುಮಗಳ ನಿರಾಕರಣೆಯನ್ನು ಏಕೆ ನೆನಪಿಸಬೇಕು ಎಂಬ ಪ್ರಶ್ನೆಯನ್ನು ತಾನೇ ಹಾಕಿಕೊಂಡು ಇಡೀ ಪ್ಯಾರಾವನ್ನು ಹೊಸದಾಗಿ ಬರೆದಳು. ಅದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇದರಲ್ಲೂ ತೊಡಕುಗಳಿವೆ. 2020ಕ್ಕಿಂತ ಹಿಂದಿನ ಉತ್ತರಗಳಿಗೆ 6ರ ಬದಲು 9 ಅಂಕಗಳ ಮಾನದಂಡದಲ್ಲಿ ಅಂಕ ಕೊಟ್ಟಿರುವುದರಿಂದ ಆ ಪ್ರಶ್ನೆಗಳನ್ನಷ್ಟೇ ಬಳಸಿ, ಅಂಕಗಳನ್ನು ಬಿಡಬೇಕು. ಹಲವು ಉತ್ತರಗಳು ಕೈಬರಹದ ಸ್ಕ್ಯಾನ್ ಪ್ರತಿಗಳಾಗಿದ್ದು ಓದಲು ಕಣ್ಣು ನೋಯುತ್ತದೆ. 2025ರಿಂದ ಪರೀಕ್ಷೆ ಕಂಪ್ಯೂಟರಿನಲ್ಲಿ, ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲಿ ನಡೆಯುವುದರಿಂದ ಅಭ್ಯಾಸವನ್ನೂ ಕೀಬೋರ್ಡಿನಲ್ಲೇ ಮಾಡಿಸಬೇಕು.

ರಾತ್ರಿ ಊಟದ ನಂತರ ಮಗಳ ಜೊತೆ ಕೂತು ಓದುವ ರೂಢಿ ನನಗಿದೆ, ಕೋಚಿಂಗ್‌ಗೆ ಪ್ರತಿ ತಿಂಗಳು ಹಣ ತೆಗೆದಿಡುವುದು ನಮ್ಮ ಮನೆಗೆ ಭಾರ. ಹಾಗಾಗಿ ಎರಡನೆಯ ಮಗನ ಸರದಿ ಬಂದಾಗ ಹೊಸ ಆವೃತ್ತಿಯ ಒಂದು ಗೈಡ್ ಕೊಂಡು, ಉಳಿದದ್ದನ್ನೆಲ್ಲ ಹಳೆಯ ಪ್ರಶ್ನೆಗಳಿಂದಲೇ ಮಾಡಿಸುತ್ತೇನೆ. ಮನೆಯಲ್ಲಿ ಜೊತೆಗೆ ಕೂರಲು ಯಾರಿಗೂ ಬಿಡುವಿಲ್ಲದವರು ಕೋಚಿಂಗ್ ಸೇರಿಸುವುದಾದರೆ, ತಿದ್ದಿದ ಪ್ರಬಂಧವೊಂದರ ಮಾದರಿಯನ್ನು ಹಣ ಕಟ್ಟುವ ಮೊದಲೇ ಕೇಳಿ ಪಡೆದು, ಮೂರು ವಿಭಾಗಗಳ ಅಂಕಗಳೂ ಬೇರೆಬೇರೆಯಾಗಿ ಇವೆಯೇ ಎಂದು ನೋಡಿಕೊಳ್ಳಲಿ.