ರವಿವಾರ ಹನ್ನೊಂದರ ಹಸಿವಿಗೆ ಯಾವುದು: ದೋಸೆ, ಮಿಸಳ್, ಇಲ್ಲಾ ರೊಟ್ಟಿ?

ರವಿವಾರ ತಡವಾಗಿ ಎದ್ದು, ಎರಡು ಸಲ ಚಾ ಕುಡಿದು, ಹತ್ತೂವರೆ ಮೇಲೆ ಮನೆಯಿಂದ ಹೊರಬಿದ್ದರೆ ಬೆಳಗಾವಿಯಲ್ಲಿ ಒಂದು ಪೇಚಾಟ ಇದೆ. ನಾಷ್ಟಾದ ಹೋಟೆಲುಗಳು ಪಾತ್ರೆ ಬಳಿಯುತ್ತಿರುತ್ತವೆ, ರೊಟ್ಟಿ ಊಟದ ಖಾನಾವಳಿಗಳು ಆಗಷ್ಟೇ ಒಲೆ ಹಚ್ಚಿರುತ್ತವೆ. ದೊಡ್ಡ ಹೋಟೆಲುಗಳಾದರೆ ಬ್ರಂಚ್ ಅಂತ ಬೇರೆ ಮೆನುವನ್ನೇ ಇಡುತ್ತವೆ. ತಿಲಕವಾಡಿ, ಶಹಾಪುರದ ಗಲ್ಲಿ ಹೋಟೆಲಿಗೆ ಹೋದವರು ಆ ಹೊತ್ತಿಗೆ ಇದ್ದದ್ದನ್ನು ತಿನ್ನಬೇಕು. ಎಂಟು ಗಂಟೆಗೆ ಚೆನ್ನಾಗಿರುವುದು ಹನ್ನೊಂದಕ್ಕೂ ಚೆನ್ನಾಗಿರಬೇಕು ಅಂತೇನಿಲ್ಲ ಅಲ್ವಾ? ನಾನು ಮೂರನ್ನೂ ತೂಗಿ ನೋಡಿದ್ದು ಆ ಲೆಕ್ಕದಲ್ಲೇ.

ಉಡುಪಿ ಕಡೆಯವರ ಹೋಟೆಲಿನ ದೋಸೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾವಲಿ ಬೆಳಗ್ಗಿನಿಂದ ಕಾದಿರುತ್ತದೆ, ದೋಸೆ ಗರಿಗರಿಯಾಗಿಯೇ ಬರುತ್ತದೆ. ಆದರೆ ಅಡುಗೆಮನೆಯ ಸೆಕೆಗೆ ಹಿಟ್ಟು ಆ ಹೊತ್ತಿಗೆ ಹುಳಿ ಏರಿರುತ್ತದೆ, ಚಟ್ನಿಗೆ ನೀರು ಬಿದ್ದಿರುತ್ತದೆ. ಇಡ್ಲಿ ಕೇಳಲೇಬೇಡಿ, ಅಂಚು ಒಣಗಿರುತ್ತದೆ. ಚಿಕ್ಕ ಮಕ್ಕಳಿದ್ದರೆ ಸುಮ್ನೆ ದೋಸೆ ತಿಂದು ಬನ್ನಿ.

ಮಿಸಳ್, ಅಂದರೆ ಮೊಳಕೆ ಬಂದ ಮಡಕಿ ಕಾಳು ಮತ್ತು ಖಾರದ ಸಾರು (ರಸ್ಸಾ), ಅದರ ಕಥೆ ಬೇರೆ. ಇದಕ್ಕೆ ತಡವಾದಷ್ಟೂ ಒಳ್ಳೆಯದು. ಬೆಳಗ್ಗೆ ಹೋದರೆ ಮಡಕಿ ಕಾಳು ಒಂದು ಕಡೆ, ರಸ್ಸಾ ಒಂದು ಕಡೆ ಇರುತ್ತದೆ. ಹತ್ತರ ಹೊತ್ತಿಗೆ ಕೆಲವು ಕಾಳು ಒಡೆದು ಕರಗಿ, ರಸ್ಸಾ ಸ್ವಲ್ಪ ಗಟ್ಟಿಯಾಗುತ್ತದೆ. ಖಾರ, ಮಸಾಲೆ ಕಾಳಿನ ಒಳಗೂ ಇಳಿದಿರುತ್ತದೆ. ಮೇಲೆ ತೇಲುವ ಕೆಂಪು ಕಟ್ (ಖಾರದ ಎಣ್ಣೆ) ನೋಡಿ ಹೆದರುವವರಿದ್ದಾರೆ. ಲಿಂಬೆ ಹಿಂಡಿ, ಹಸಿ ಉಳ್ಳಾಗಡ್ಡಿ ಜೊತೆ ತಿಂದರೆ ಅಷ್ಟೇನೂ ಖಾರ ಅನಿಸುವುದಿಲ್ಲ. ಫರಸಾಣ (ಸೇವಿನಂಥ ಗರಿಗರಿ ಕುರುಕಲು) ಮಾತ್ರ ಕೊನೆಗೆ, ತಟ್ಟೆ ಮುಂದೆ ಬರುವಾಗಲೇ ಬೀಳಬೇಕು. ಮೊದಲೇ ಹಾಕಿಟ್ಟರೆ ಮೆತ್ತಗಾಗಿ ರಸ್ಸಾ ಎಲ್ಲ ಹೀರಿಬಿಡುತ್ತದೆ. ರಸ್ಸಾ ಮತ್ತೆ ಕೇಳಿದರೆ ಮುಖ ಸಿಂಡರಿಸದೆ ಹಾಕುವ ಹೋಟೆಲು ನನಗೆ ಇಷ್ಟ.

ತೊಂದರೆ ಇರುವುದು ಪಾವಿನದು. ಬೇಕರಿಯಿಂದ ಬಂದ ಪಾವು ರವಿವಾರ ಬೇಗ ಖಾಲಿಯಾಗುತ್ತದೆ. "ಪಾವ್ ಮುಗದಾವ್ರಿ, ಬ್ರೆಡ್ ಕೊಡ್ಲೇನ್ರಿ?" ಅನ್ನುತ್ತಾರೆ ಮಾಲಕರು. ಕೊಲ್ಲಾಪುರದ ಕಡೆ ಬ್ರೆಡ್ ಸ್ಲೈಸ್ ಕೊಡುವುದೇ ರೂಢಿ, ಅದೇನು ಅಪರಾಧವಲ್ಲ. ಆದರೂ ಪಾವು ರಸ್ಸಾ ಹೀರಿಯೂ ಕೈಯಲ್ಲಿ ನಿಲ್ಲುತ್ತದೆ, ಬ್ರೆಡ್ ತಟ್ಟೆಯಲ್ಲೇ ಹರಿದು ಹೋಗುತ್ತದೆ. ಇನ್ನೊಂದು, ಮಿಸಳ್ ತಿಂದ ಮೇಲೆ ನೀರಡಿಕೆ ಜಾಸ್ತಿ, ಎರಡು ಗಂಟೆಗೆ ಮತ್ತೆ ಹಸಿವು. ಬೆಳಗಿನದು, ಮಧ್ಯಾಹ್ನದ್ದು ಒಂದರಲ್ಲೇ ಮುಗಿಸಬೇಕು ಅಂತ ಹೊರಟವರಿಗೆ ಇದು ಅರ್ಧ ಕೆಲಸ.

ಪೂರ್ತಿ ಕೆಲಸ ಖಾನಾವಳಿಯದು. ಹನ್ನೊಂದೂಕಾಲಿಗೆ ಹೋಗಿ ಅಡುಗೆಮನೆ ಕಾಣುವ ಕಡೆ ಕೂತುಕೊಳ್ಳಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆದರೆ ಬರುವ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುತ್ತಾರೆ. ಅಕ್ಕ ಎರಡೂ ಕೈಯಿಂದ ಬಡಿಯುತ್ತಾ ರೊಟ್ಟಿಯನ್ನು ತಿರುಗಿಸುತ್ತಾ ಹೋಗುತ್ತಾರೆ, ಅಂಚು ಸೀಳುವುದಿಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರಿತು ಅನ್ನುವಾಗ ಮಗುಚಿ, ಆಮೇಲೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಆ ರೊಟ್ಟಿ ತಟ್ಟೆಗೆ ಬಂದ ಐದು ನಿಮಿಷದಲ್ಲಿ ತಿನ್ನಬೇಕು, ಆರಿದರೆ ಬಿರುಸಾಗುತ್ತದೆ. ಒಂದು ಗಂಟೆಯ ಗದ್ದಲದಲ್ಲಿ ಈ ಭಾಗ್ಯ ಇಲ್ಲ. ಆಗ ಬುಟ್ಟಿಯಲ್ಲಿ ಪೇರಿಸಿಟ್ಟದ್ದೇ ಬರುತ್ತದೆ. ಬೇಗ ಹೋದರೆ "ಬಿಸಿದು ಬರ್ತೈತಿ, ತಡೀರಿ" ಅಂತ ಅವರೇ ಹೇಳುತ್ತಾರೆ.

ಪಲ್ಯದಲ್ಲಿ ಮಾತ್ರ ಸ್ವಲ್ಪ ಎಚ್ಚರ. ಬದನೆಕಾಯಿ ಎಣಗಾಯಿ ಆ ಹೊತ್ತಿಗೆ ಇನ್ನೂ ಎಳಸು, ಎಣ್ಣೆ ಬಿಟ್ಟಿರುವುದಿಲ್ಲ, ಶೇಂಗಾ ಪುಡಿ ಹಸಿಹಸಿ ಅನಿಸುತ್ತದೆ. ಝುಣಕಾ (ಕಡಲೆ ಹಿಟ್ಟಿನ ಪಲ್ಯ) ಕೇಳಿ, ಅದು ಬಿಸಿ ಇದ್ದಾಗಲೇ ರುಚಿ. ಗುರೆಳ್ಳು ಚಟ್ನಿ ಮೇಲೆ ಮೊಸರು, ಪಕ್ಕಕ್ಕೆ ಮೆಂತ್ಯ ತಪ್ಪಲ ಇದ್ದರೆ ಇನ್ನೇನು ಬೇಕು? ಬಿಲ್ಲು ಮಿಸಳ್‌ಗಿಂತ ಜಾಸ್ತಿ ಬರುತ್ತದೆ, ನಿಜ. ಆದರೆ ರಾತ್ರಿಯವರೆಗೆ ಹೊಟ್ಟೆ ಸುದ್ದಿ ಎತ್ತುವುದಿಲ್ಲ.

ನನ್ನ ಮತ ಖಾನಾವಳಿಗೆ. ಮಳೆಗಾಲದಲ್ಲಿ ಮಾತ್ರ ಮನಸ್ಸು ಮಿಸಳ್ ಕಡೆ ವಾಲುತ್ತದೆ, ಜುಲೈ ತಿಂಗಳ ಬೆಳಗಾವಿ ಮಳೆ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಇನ್ನೊಂದು ಮಾತು: ಕಾಲೇಜು, ಕಚೇರಿ ಗಿರಾಕಿಗಳನ್ನೇ ನಂಬಿದ ಖಾನಾವಳಿಗಳು ರವಿವಾರ ಬಂದ್ ಇರಬಹುದು. ಶನಿವಾರವೇ ಕೇಳಿಟ್ಟುಕೊಳ್ಳಿ. ಬಂದ್ ಅಂದರೆ ಮಿಸಳ್‌ಗೆ ಹೋಗಿ, ಹತ್ತೂವರೆ ಒಳಗೆ, ಪಾವು ಇರುವಾಗಲೇ.