ಒಸಡು ಅಳೆಯದೆ ಲೇಸರ್ ಅಂದರೆ ಎದ್ದು ಬನ್ನಿ

ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಸೊಪ್ಪಿನವರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನಾನು ಒಸಡಿನ ಹೆಸರಲ್ಲಿ 24,000 ರೂಪಾಯಿ ಕಟ್ಟಿ ಬಂದೆ.

ಬ್ರಷ್ ಮಾಡುವಾಗ ರಕ್ತ ಬರುತ್ತಿತ್ತು. ಎಡಗಡೆ ಮೇಲಿನ ಕೋರೆಹಲ್ಲು ಉದ್ದ ಕಾಣುತ್ತಿತ್ತು, ತಣ್ಣೀರು ತಾಗಿದರೆ ಜುಂ ಅನ್ನುತ್ತಿತ್ತು. ನಮ್ಮ ಏರಿಯಾದ ಒಂದು ಕ್ಲಿನಿಕ್‌ಗೆ ಹೋದೆ. ಬಾಯೊಳಗೆ ಪುಟ್ಟ ಕ್ಯಾಮೆರಾ ಇಟ್ಟು, ನನ್ನ ಒಸಡನ್ನೇ ಟಿವಿಯಲ್ಲಿ ಹಲಸಿನ ತೊಳೆಯಷ್ಟು ಮಾಡಿ ತೋರಿಸಿದರು. ಯಾರಾದರೂ ಹೆದರುತ್ತಾರೆ, ಅಲ್ವಾ? "ಲೇಸರ್ ಮಾಡಿಸಿದರೆ ಒಸಡು ಮತ್ತೆ ಬೆಳೆಯುತ್ತೆ ಸರ್. ಇವತ್ತೇ ಕಟ್ಟಿದರೆ ಡಿಸ್ಕೌಂಟ್." ಎಕ್ಸ್‌ರೇ ಇಲ್ಲ. ಶುಗರ್ ಇದೆಯಾ ಅಂತ ಕೇಳಲಿಲ್ಲ. ಕೇಳಲೇ ಇಲ್ಲ!

ನಾಲ್ಕು ಸಲ ಹೋಗಿ ಬಂದೆ. ಎರಡು ತಿಂಗಳಿಗೆ ರಕ್ತ ಮತ್ತೆ ಶುರು. ಕೋರೆಹಲ್ಲು ಇದ್ದಷ್ಟೇ ಉದ್ದ.

ಕೊನೆಗೆ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿಗೆ ಹೋದೆ. ಅಲ್ಲಿ ಓದುತ್ತಿರುವ ಡಾಕ್ಟರಮ್ಮ ಒಬ್ಬರು ಗೆರೆ ಹಾಕಿದ ತೆಳ್ಳನೆ ಕಡ್ಡಿಯನ್ನು ಹಲ್ಲು, ಒಸಡಿನ ಸಂದಿಗೆ ಮೆಲ್ಲಗೆ ಇಳಿಸಿದರು. ಒಂದೊಂದು ಹಲ್ಲಿಗೂ ಆರು ಕಡೆ ಆ ಸಂದಿಯ ಆಳದ ಅಳತೆ. ಇವರು "ಎರಡು, ಮೂರು, ಎರಡು" ಅನ್ನುವುದು, ಪಕ್ಕದವರು ಬರೆದುಕೊಳ್ಳುವುದು. ಕೆಳಗಿನ ದವಡೆ ಹಲ್ಲಿಗೆ ಬಂದಾಗ "ಆರು" ಅಂದರು. ಮತ್ತೆ "ಆರು". ಮೂರು ಮಿಲಿಮೀಟರ್ ತನಕ ಪರವಾಗಿಲ್ಲವಂತೆ. "ಹಿಂದೆ ಅಳೆದ ಚಾರ್ಟ್ ಕೊಡಿ ಸರ್" ಅಂದರು. ನನ್ನ ಹತ್ತಿರ ಇದ್ದದ್ದು ಬಿಲ್ಲು ಮಾತ್ರ. ಬೇಸ್ತು ಬಿದ್ದಿದ್ದೇನೆ ಅಂತ ಗೊತ್ತಾಗಿದ್ದೇ ಆಗ. ಬಾಯಿ ತೆರೆದುಕೊಂಡೇ ಇದ್ದೆ, ಮಾತು ಬರಲಿಲ್ಲ.

ಎಕ್ಸ್‌ರೇ ತೆಗೆದರೆ ಆ ದವಡೆ ಹಲ್ಲಿನ ಸುತ್ತ ಮೂಳೆ ಕರಗಿದೆ. ಒಸಡಿನೊಳಗೆ ಪಾಚಿ ಕಲ್ಲಾಗಿ ಕೂತಿದೆ. ರಕ್ತ ಪರೀಕ್ಷೆ ಮಾಡಿಸಿದರೆ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6! ಶುಗರ್ ಹತೋಟಿ ತಪ್ಪಿದರೆ ಒಸಡಿನ ಕಾಯಿಲೆ ಜೋರಾಗುತ್ತೆ. ಕೋರೆಹಲ್ಲಿನದು ಆ ಕಾಯಿಲೆಯೇ ಅಲ್ಲ. ಗಟ್ಟಿ ಬ್ರಷ್‌ನಲ್ಲಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಒಸಡು ಸವೆಸಿದ್ದು ನಾನೇ. ಸವೆದ ಒಸಡು ತಾನಾಗಿ ಬೆಳೆಯುವುದಿಲ್ಲ. ಬೇಕೇ ಬೇಕು ಅಂದರೆ ಅಂಗುಳಿನಿಂದ ಚೂರು ಮಾಂಸ ತೆಗೆದು ಅಲ್ಲಿಗೆ ಹೊಲಿಯುತ್ತಾರೆ.

ಕ್ಲಿನಿಕ್‌ಗೆ ಫೋನ್ ಮಾಡಿದೆ. "ಕ್ಯಾಮೆರಾದಲ್ಲೇ ಎಲ್ಲ ಕಾಣುತ್ತೆ ಸರ್, ಅಳೆಯೋ ಅಗತ್ಯ ಇರಲಿಲ್ಲ." ದುಡ್ಡು ವಾಪಸ್ ಕೇಳಿದೆ. "ನೀವು ಸರಿಯಾಗಿ ಬ್ರಷ್ ಮಾಡಿಲ್ಲ ಸರ್." ನಾನು ಬಿಡಲಿಲ್ಲ. ಆಮೇಲೆ ಬಂದ ಮಾತು ಕೇಳಿ: "ಬೇಕಿದ್ದರೆ ಹಲ್ಲು ಬಿಳಿ ಮಾಡೋದು ಫ್ರೀ ಕೊಡ್ತೀವಿ." ಬಿಳಿ ಅಂತೆ! ಪಾಯ ಕುಸಿಯುತ್ತಿರುವ ಮನೆಗೆ ಸುಣ್ಣ ಹೊಡೀತಾರಂತೆ.

ಅಳತೆಯ ಚಾರ್ಟ್, ಎಕ್ಸ್‌ರೇ ಎರಡೂ ಕೈಗೆ ಬರುವ ತನಕ ಒಂದು ರೂಪಾಯಿ ಕಟ್ಟಬೇಡಿ. ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಅಂತ ಸುಮ್ನೆ ಕೂರಬೇಡಿ. ಸೇದುವವರಿಗೆ ರಕ್ತ ಬರೋದೇ ಕಮ್ಮಿ, ಒಳಗೆ ಮೂಳೆ ಹೋಗುತ್ತಿದ್ದರೂ ಗೊತ್ತಾಗಲ್ಲ.

ನನ್ನ ಬಲಗಡೆ ಬುಡ ಕ್ಲೀನ್ ಆಯಿತು, ಎಡಗಡೆಗೆ ಗುರುವಾರ ಬರಲು ಹೇಳಿದ್ದಾರೆ. ಆ ಕ್ಲಿನಿಕ್‌ನಿಂದ ಈಗಲೂ ಹಬ್ಬದ ಆಫರ್ ಮೆಸೇಜ್ ಬರುತ್ತಿದೆ.