ಬಿಸಿನೀರಿಗೆ ಸಿಪಿವಿಸಿ ಪೈಪ್, 2 ವರ್ಷ ಬಳಸಿದ ಮೇಲೆ

ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆಲ್ಲಾ ತುಕ್ಕು ಹಿಡಿದು ನಲ್ಲೀಲಿ ನೀರು ಸಣ್ಣಗೆ ಬರ್ತಿತ್ತು, ಬೆಳಗ್ಗೆ ಮೊದಲು ಬಿಟ್ರೆ ಬರೀ ಕೆಂಪು ನೀರು, ಅದಕ್ಕೇ ಪೂರ್ತಿ ಕಿತ್ತಾಕಿ ಸಿಪಿವಿಸಿ (ಬಿಸಿನೀರು ತಡ್ಕೊಳೋ ಒಂಥರಾ ಪ್ಲಾಸ್ಟಿಕ್ ಪೈಪ್) ಹಾಕಿಸ್ದೆ. 2 ವರ್ಷ ಆಯ್ತು, ಫೋರ್ಸ್ ಚೆನ್ನಾಗಿದೆ, ತುಕ್ಕಿನ ಮಾತೇ ಇಲ್ಲ. ಮಾಮೂಲಿ ಪಿವಿಸಿ 60 ಡಿಗ್ರಿ ದಾಟಿದ್ರೆ ಮೆತ್ತಗಾಗುತ್ತೆ, ಇದು ಹತ್ತಿರ ಹತ್ತಿರ 90ರ ತನಕ ತಡ್ಕೊಳುತ್ತೆ, ಆದ್ರೂ ಗೀಸರ್‌ಗೆ ಸೇರೋ ಕಡೆ ಹಿತ್ತಾಳೆ ಥ್ರೆಡ್ ಇರೋ ಫಿಟಿಂಗೇ ಹಾಕ್ಸಿ. ಒಂದು ಜಾಯಿಂಟ್ ಮಾತ್ರ ಲೀಕ್ ಆಯ್ತು, ಪ್ಲಂಬರ್ ಮಾಮೂಲಿ ಪಿವಿಸಿ ಗಮ್ ಹಚ್ಚಿಬಿಟ್ಟಿದ್ರು, ಸಿಪಿವಿಸಿಗೆ ಅದರದ್ದೇ ಸಾಲ್ವೆಂಟ್ ಗಮ್ ಬೇಕು, ದಯವಿಟ್ಟು ಕೆಲಸ ಆಗುವಾಗ ಪಕ್ಕದಲ್ಲೇ ನಿಂತು ನೋಡಿ. ಬಿಸಿಲು ಬೀಳೋ ಟೆರೇಸಲ್ಲಿ ಹಾಗೇ ಬಿಡ್ಬೇಡಿ, ಪೇಂಟ್ ಹೊಡ್ಸಿ.